ಕೂಡಿಟ್ಟವರೊಬ್ಬರು, ಖರ್ಚು ಮಾಡಿದವರು ಹಲವರು: ಡ್ರಾಫ್ಟ್ ನಂಬಿ ಹೊರಟ ಫಿಲಡೆಲ್ಫಿಯಾ ತಂಡದ ಪ್ರಕರಣ

2013ರ ಬೇಸಿಗೆಯಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ತಂಡದ ಸ್ಥಿತಿ ಹೀಗಿತ್ತು. ಆಗಷ್ಟೇ ಮುಗಿದ ಸೀಸನ್ನಿನಲ್ಲಿ 34 ಗೆಲುವು, 48 ಸೋಲು. ಕೋಚ್ ಡಗ್ ಕಾಲಿನ್ಸ್ ಕೆಲಸ ಬಿಟ್ಟಿದ್ದರು. ಹಿಂದಿನ ವರ್ಷ ಆಂಡ್ರೆ ಇಗುಡಾಲ, ನಿಕೊಲಾ ವುಚೆವಿಚ್, ಮೋ ಹಾರ್ಕ್ಲೆಸ್ ಮೂವರನ್ನೂ, ಸಾಲದೆಂಬಂತೆ ಮುಂದಿನ ಒಂದು ಮೊದಲ ಸುತ್ತಿನ ಪಿಕ್ಕನ್ನೂ (ಹೊಸ ಆಟಗಾರನನ್ನು ಆರಿಸುವ ಸರದಿ) ಕೊಟ್ಟು ಆಂಡ್ರೂ ಬೈನಮ್ ಎಂಬ ದೈತ್ಯ ಸೆಂಟರನ್ನು (ಬುಟ್ಟಿಯ ಬಳಿ ಆಡುವ ದೊಡ್ಡಾಳು) ತಂದಿದ್ದರು. ಮಂಡಿ ನೋವಿನ ಬೈನಮ್ ಫಿಲಡೆಲ್ಫಿಯಾ ಪರ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ನಡುವೆ ಬೌಲಿಂಗ್ ಆಡಲು ಹೋಗಿ (ಕ್ರಿಕೆಟ್ ಬೌಲಿಂಗ್ ಅಲ್ಲ, ಚೆಂಡುರುಳಿಸಿ ಪಿನ್ನು ಬೀಳಿಸುವ ಆಟ) ಇದ್ದ ತೊಂದರೆಯನ್ನು ಇನ್ನಷ್ಟು ಹೆಚ್ಚಿಸಿಕೊಂಡರು. ಒಪ್ಪಂದ ಮುಗಿಯಿತು, ಹೋದರು. ಆಟಗಾರರೂ ಹೋದರು, ಪಿಕ್ಕೂ ಹೋಯಿತು.

ಎನ್‌ಬಿಎಯಲ್ಲಿ ಇಂಥ ತಂಡಕ್ಕೆ ಕೊನೆಯ ಸ್ಥಾನಕ್ಕಿಂತ ಕೆಟ್ಟ ಜಾಗವೊಂದು ಕಾದಿರುತ್ತದೆ: ನಡು. ವರ್ಷಕ್ಕೆ 35ರಿಂದ 42 ಪಂದ್ಯ ಗೆಲ್ಲುವ ತಂಡ ಪ್ರಶಸ್ತಿಯ ಹತ್ತಿರಕ್ಕೂ ಸುಳಿಯುವುದಿಲ್ಲ, ಒಳ್ಳೆಯ ಹೊಸ ಆಟಗಾರ ಸಿಗುವಷ್ಟು ಕೆಳಕ್ಕೂ ಇಳಿಯುವುದಿಲ್ಲ. ಅಂಗಳದಲ್ಲಿ ಒಮ್ಮೆಗೆ ಒಂದು ಕಡೆ ಐದೇ ಜನ ಆಡುವ ಆಟವಿದು. ಹಾಗಾಗಿ ಒಬ್ಬ ಅಸಾಧಾರಣ ಆಟಗಾರ ಇಡೀ ತಂಡದ ಹಣೆಬರಹ ಬದಲಿಸಬಲ್ಲ. ಅಂಥವರು ಒಪ್ಪಂದ ಮುಗಿಸಿ ಸ್ವತಂತ್ರರಾದಾಗ ಲಾಸ್ ಏಂಜಲೀಸಿಗೋ ಮಯಾಮಿಗೋ ಹೋಗುತ್ತಾರೆಯೇ ಹೊರತು ಸೋಲುವ ತಂಡವನ್ನು ಹುಡುಕಿಕೊಂಡು ಬರುವುದಿಲ್ಲ. ಉಳಿಯುವ ದಾರಿ ಡ್ರಾಫ್ಟ್, ಅಂದರೆ ಪ್ರತಿ ವರ್ಷ ಲೀಗಿಗೆ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ.

ಐಪಿಎಲ್ ಹರಾಜು ನೋಡಿದವರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಅಲ್ಲಿ ಪರ್ಸಿನಲ್ಲಿ ಹಣವಿದ್ದ ಯಾವ ತಂಡ ಬೇಕಾದರೂ ಯಾವ ಆಟಗಾರನಿಗೆ ಬೇಕಾದರೂ ಕೂಗಬಹುದು. ಡ್ರಾಫ್ಟಿನಲ್ಲಿ ಕೂಗುವುದಿಲ್ಲ, ಸರದಿ ಕಾಯಬೇಕು. ಹೆಚ್ಚು ಸೋತವರಿಗೆ ಮೊದಲ ಸರದಿ. ಸರದಿಯ ತುದಿಯನ್ನು ನಿರ್ಧರಿಸಲು 1985ರಿಂದ ಲಾಟರಿ ಇದೆ. 2013ರ ಆಸುಪಾಸಿನಲ್ಲಿ ಅತಿ ಕೆಟ್ಟ ತಂಡಕ್ಕೆ ಮೊದಲ ಪಿಕ್ ಸಿಗುವ ಸಾಧ್ಯತೆ ಶೇ. 25, ಅದೃಷ್ಟ ಎಷ್ಟೇ ಕೆಟ್ಟರೂ ನಾಲ್ಕನೆಯದಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ಈ ಸರದಿಯನ್ನೇ ಚಲಾವಣೆಯ ನೋಟಿನಂತೆ ತಂಡಗಳು ಪರಸ್ಪರ ಕೊಟ್ಟು ತೆಗೆದುಕೊಳ್ಳಬಹುದು, ಮೂರು ನಾಲ್ಕು ವರ್ಷ ಮುಂದಿನದನ್ನು ಕೂಡ. ಈ ಪ್ರಕರಣ ಪೂರ್ತಿ ನಿಂತಿರುವುದು ಆ ಅನುಕೂಲದ ಮೇಲೆ.

ಹಿಂಕಿ ಹಿಡಿದ ದಾರಿ

2011ರಲ್ಲಿ ತಂಡವನ್ನು ಕೊಂಡಿದ್ದ ಜಾಶ್ ಹ್ಯಾರಿಸ್ ಮತ್ತು ಸಂಗಡಿಗರು ಹಣಕಾಸು ಲೋಕದವರು. 2013ರ ಮೇ ತಿಂಗಳಲ್ಲಿ ಅವರು ಹ್ಯೂಸ್ಟನ್ ರಾಕೆಟ್ಸ್‌ನಿಂದ ಸ್ಯಾಮ್ ಹಿಂಕಿ ಎಂಬ ಅಂಕಿ ಅಂಶದ ಮನುಷ್ಯನನ್ನು ಜನರಲ್ ಮ್ಯಾನೇಜರ್ ಆಗಿ ಕರೆತಂದರು. ಹಿಂಕಿಯವರ ಯೋಚನೆಯ ತಿರುಳು ಸರಳ. ಯಾವ ಹುಡುಗ ಮಹಾ ಆಟಗಾರನಾಗುತ್ತಾನೆಂದು ಯಾರೂ ನಿಖರವಾಗಿ ಹೇಳಲಾರರು, ತಾವೂ ಸೇರಿ. ಹಾಗಿದ್ದಮೇಲೆ ಆಯ್ಕೆಯಲ್ಲಿ ಜಾಣತನ ತೋರುವುದಕ್ಕಿಂತ ಆಯ್ಕೆಯ ಅವಕಾಶಗಳ ಸಂಖ್ಯೆ ಹೆಚ್ಚಿಸಿಕೊಳ್ಳುವುದು ಮೇಲು.

ಜೂನ್ 27ರ ಡ್ರಾಫ್ಟ್ ರಾತ್ರಿಯೇ ಅದು ಜಾರಿಗೆ ಬಂತು. ತಂಡದ ಏಕೈಕ ಆಲ್‌ಸ್ಟಾರ್, 23ರ ಹರೆಯದ ಜ್ರೂ ಹಾಲಿಡೇ ನ್ಯೂ ಆರ್ಲಿಯನ್ಸ್‌ಗೆ ಹೋದರು. ಬದಲಿಗೆ ಬಂದದ್ದು ಆರನೇ ಪಿಕ್ಕಿನಲ್ಲಿ ಆಯ್ಕೆಯಾಗಿದ್ದ ನೆರ್ಲೆನ್ಸ್ ನೋಯೆಲ್, ಮತ್ತೆ 2014ರ ಒಂದು ಮೊದಲ ಸುತ್ತಿನ ಪಿಕ್. ನೋಯೆಲ್ ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿದುಕೊಂಡಿದ್ದರಿಂದ ಆ ವರ್ಷ ಅಂಗಳಕ್ಕಿಳಿಯುವಂತಿರಲಿಲ್ಲ. ಹಿಂಕಿಗೆ ಅದು ಅಡ್ಡಿಯಾಗಿ ಕಾಣಲಿಲ್ಲ. ಗಾಯಾಳು ಅಗ್ಗಕ್ಕೆ ಸಿಗುತ್ತಾನೆ. ಅವನಿಲ್ಲದೆ ತಂಡ ಇನ್ನಷ್ಟು ಸೋಲುತ್ತದೆ. ಮುಂದಿನ ಪಿಕ್ ಇನ್ನಷ್ಟು ಮೇಲೇರುತ್ತದೆ.

ಸ್ಯಾನ್ ಆಂಟೋನಿಯೊ ಸ್ಪರ್ಸ್‌ನಲ್ಲಿ ಸಹಾಯಕರಾಗಿದ್ದ ಬ್ರೆಟ್ ಬ್ರೌನ್ ಮುಖ್ಯ ಕೋಚ್ ಆದರು. ಇಲ್ಲೊಂದು ಮಾತು ಸ್ಪಷ್ಟವಾಗಿರಬೇಕು. ಕೋಚಾಗಲಿ ಆಟಗಾರರಾಗಲಿ ಯಾರೂ ಬೇಕೆಂದೇ ಸೋಲುತ್ತಿರಲಿಲ್ಲ. ಅವರ ಕೆಲಸ, ಅವರ ಮುಂದಿನ ಒಪ್ಪಂದ ನಿಂತಿರುವುದೇ ಚೆನ್ನಾಗಿ ಆಡುವುದರ ಮೇಲೆ. ಗೆಲ್ಲಲಾರದ ತಂಡವನ್ನು ಕಟ್ಟಿಕೊಡುವುದು ಆಡಳಿತದವರ ಕೈಚಳಕ. ಮೊದಲ ಸೀಸನ್ನಿನ ಮೊದಲ ಪಂದ್ಯದಲ್ಲೇ ಈ ಹುಡುಗರು ಹಾಲಿ ಚಾಂಪಿಯನ್ ಮಯಾಮಿ ಹೀಟ್ ತಂಡವನ್ನು ಸೋಲಿಸಿ, ಮೊದಲ ಮೂರೂ ಪಂದ್ಯ ಗೆದ್ದು ಆಡಳಿತಕ್ಕೇ ಮುಜುಗರ ತಂದಿದ್ದರು.

ಮೂರು ವರ್ಷ, 47 ಗೆಲುವು

ಮುಜುಗರ ಹೆಚ್ಚು ದಿನ ಉಳಿಯಲಿಲ್ಲ. ಆ ಸೀಸನ್ನಿನಲ್ಲೇ ಸತತ 26 ಪಂದ್ಯ ಸೋತು, ಕ್ಲೀವ್‌ಲ್ಯಾಂಡ್ ಹೆಸರಿನಲ್ಲಿದ್ದ ಕೆಟ್ಟ ದಾಖಲೆಯನ್ನು ಸರಿಗಟ್ಟಿದರು. 2013-14ರಲ್ಲಿ 19 ಗೆಲುವು, ಮರುವರ್ಷ 18, ಅದರ ಮರುವರ್ಷ 10. ಒಟ್ಟು 47 ಗೆಲುವು, 199 ಸೋಲು. ಸೋತು ಸುಣ್ಣವಾಗುವುದು ಎಂದರೆ ಇದೇ. 2015ರ ವಸಂತದಿಂದ ನವೆಂಬರ್ ಕೊನೆಯವರೆಗೆ ಎರಡು ಸೀಸನ್ ಸೇರಿ 28 ಸತತ ಸೋಲು. ಅದನ್ನು ಮುರಿದದ್ದು ಡಿಸೆಂಬರ್ 1ರಂದು ಲಾಸ್ ಏಂಜಲೀಸಿನ ಲೇಕರ್ಸ್ ತಂಡದ ವಿರುದ್ಧ. ಫಿಲಡೆಲ್ಫಿಯಾದಲ್ಲೇ ಹುಟ್ಟಿದ ಕೋಬಿ ಬ್ರಯಂಟ್ ತವರೂರಿನಲ್ಲಿ ಕೊನೆಯ ಬಾರಿ ಆಡಿದ ಪಂದ್ಯ ಅದು.

ಇಷ್ಟು ಸೋತು ಪಡೆದದ್ದೇನು? 2014ರಲ್ಲಿ ಲೀಗಿನ ಎರಡನೇ ಅತಿ ಕೆಟ್ಟ ತಂಡವಾಗಿದ್ದಾಗ ಸಿಕ್ಕಿದ್ದು ಮೂರನೇ ಪಿಕ್. ಬರೀ ಶೇ. 1.7 ಸಾಧ್ಯತೆ ಇದ್ದ ಕ್ಲೀವ್‌ಲ್ಯಾಂಡ್ ಲಾಟರಿ ಹೊಡೆದುಕೊಂಡು ಹೋಯಿತು. 2015ರಲ್ಲಿ ಮತ್ತೆ ಮೂರನೆಯದು. 10 ಗೆಲುವಿಗೆ ಇಳಿದ 2016ರಲ್ಲಷ್ಟೇ ಮೊದಲನೆಯದು. ಸೋಲಿನ ಪ್ರಮಾಣಕ್ಕೂ ಸಿಕ್ಕ ಸರದಿಗೂ ಇರುವ ಸಂಬಂಧ ಎಷ್ಟು ಸಡಿಲವೆಂದು ಇದರಲ್ಲೇ ಕಾಣುತ್ತದೆ.

ಆದರೂ 2014ರ ಆ ಮೂರನೇ ಪಿಕ್ ಪ್ರಕರಣದ ಅತ್ಯುತ್ತಮ ನಿರ್ಧಾರ. ಕ್ಯಾಮರೂನಿನ ಯಾವುಂಡೆಯ ಜೋಯೆಲ್ ಎಂಬೀಡ್ ಹದಿಹರೆಯದಲ್ಲಷ್ಟೇ ಬ್ಯಾಸ್ಕೆಟ್‌ಬಾಲ್ ಮುಟ್ಟಿದವರು. ಮೊದಲ ಪಿಕ್ಕಿಗೆ ಅವರ ಹೆಸರೇ ಕೇಳಿಬರುತ್ತಿತ್ತು. ಡ್ರಾಫ್ಟಿಗೆ ಕೆಲವೇ ದಿನ ಮುಂಚೆ ಪಾದದ ನ್ಯಾವಿಕ್ಯುಲರ್ ಎಂಬ ಸಣ್ಣ ಮೂಳೆ ಬಿರುಕು ಬಿಟ್ಟದ್ದು ತಿಳಿಯಿತು, ಶಸ್ತ್ರಚಿಕಿತ್ಸೆಯಾಯಿತು. ಭಾರದ ದೇಹದವರಿಗೆ ಆ ಮೂಳೆ ಕೈಕೊಟ್ಟರೆ ವೃತ್ತಿಯೇ ಮುಗಿದೀತು. ಕ್ಲೀವ್‌ಲ್ಯಾಂಡ್, ಮಿಲ್ವಾಕಿ ಎರಡೂ ಹಿಂಜರಿದವು. ಮೂರು ವರ್ಷ ಕಾಯಲು ಸಿದ್ಧವಿದ್ದ ತಂಡವೊಂದು ಹಿಂಜರಿಯಲಿಲ್ಲ. ಗೆಲ್ಲಬೇಕೆಂಬ ಅವಸರ ಇಲ್ಲದಿರುವುದೇ ಇಲ್ಲಿ ಬಂಡವಾಳ. ಎಂಬೀಡ್ ಎರಡು ಸೀಸನ್ ಪೂರ್ತಿ ಕೂತರು, ನಡುವೆ ಎರಡನೇ ಶಸ್ತ್ರಚಿಕಿತ್ಸೆ ಆಯಿತು, 2016ರ ಅಕ್ಟೋಬರಿನಲ್ಲಿ ಕೊನೆಗೂ ಇಳಿದರು. 2022-23ರಲ್ಲಿ ಲೀಗಿನ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಆದರು. ಅದೇ 2014ರ ರಾತ್ರಿ, ನ್ಯೂ ಆರ್ಲಿಯನ್ಸ್‌ನಿಂದ ಬಂದಿದ್ದ ಹತ್ತನೇ ಪಿಕ್ಕನ್ನು ಒರ್ಲಾಂಡೊಗೆ ಕೊಟ್ಟು ಹಿಂಕಿ ಕ್ರೊಯೇಷಿಯಾದ ಡಾರಿಯೊ ಶಾರಿಚ್ ಅವರನ್ನು ಪಡೆದರು. ಶಾರಿಚ್ ಇನ್ನೂ ಎರಡು ವರ್ಷ ಟರ್ಕಿಯಲ್ಲಿ ಆಡಬೇಕಿತ್ತು. ಜೊತೆಗೆ, ಬೈನಮ್ ವ್ಯವಹಾರದಲ್ಲಿ ಕಳೆದಿದ್ದ ತಮ್ಮದೇ ಪಿಕ್ಕೂ ವಾಪಸು ಬಂತು. ಈ ಒಂದು ವ್ಯವಹಾರವನ್ನು ಬಿಡಿಸಿ ನೋಡಿದರೆ ಹಿಂಕಿಯವರ ಬುದ್ಧಿ ಹೇಗೆ ಓಡುತ್ತಿತ್ತೆಂದು ತಿಳಿಯುತ್ತದೆ.

2015ರ ಮೂರನೇ ಪಿಕ್ ಅಷ್ಟೇ ದೊಡ್ಡ ತಪ್ಪು. ಡ್ಯೂಕ್ ವಿಶ್ವವಿದ್ಯಾಲಯದ ಜಲೀಲ್ ಒಕಾಫೋರ್ ಬುಟ್ಟಿಯ ಬಳಿ ಬೆನ್ನು ಕೊಟ್ಟು ಆಡುವ ಹಳೆಯ ಶೈಲಿಯ ಸೆಂಟರ್. ನೋಯೆಲ್ ಸೆಂಟರ್, ಎಂಬೀಡ್ ಸೆಂಟರ್, ಈಗ ಇವರೂ ಸೆಂಟರ್. ಇಡೀ ಲೀಗ್ ಮೂರು ಪಾಯಿಂಟಿನ ಗೆರೆಯಾಚೆ ಓಡುತ್ತಿದ್ದಾಗ ಒಂದೇ ಜಾಗಕ್ಕೆ ಮೂವರು. "ಇರುವವರಲ್ಲಿ ಅತ್ಯುತ್ತಮನನ್ನು ಆರಿಸು, ಹೊಂದಾಣಿಕೆ ಆಮೇಲೆ ನೋಡೋಣ" ಎಂಬ ತತ್ವ ಕಾಗದದ ಮೇಲೆ ಚೆನ್ನ. ಒಕಾಫೋರ್ ಮೊದಲ ವರ್ಷ ಪಂದ್ಯಕ್ಕೆ 17.5 ಅಂಕ ಗಳಿಸಿದರೂ ಒಟ್ಟಿಗೆ ಆಡಿಸಲಾಗದ ಆಟಗಾರರ ಬೆಲೆ ಮಾರುಕಟ್ಟೆಯಲ್ಲಿ ಇಳಿಯುತ್ತಲೇ ಹೋಯಿತು. ನೋಯೆಲ್ 2017ರ ಫೆಬ್ರವರಿಯಲ್ಲಿ, ಒಕಾಫೋರ್ ಡಿಸೆಂಬರಿನಲ್ಲಿ, ಇಬ್ಬರೂ ಚಿಲ್ಲರೆ ಬೆಲೆಗೆ ಬಿಕರಿಯಾದರು. (ಒಕಾಫೋರ್ ಆಯ್ಕೆಯಾದ ಅದೇ ಡ್ರಾಫ್ಟಿನ 52ನೇ ಪಿಕ್ಕಿನಲ್ಲಿ ಡಲ್ಲಾಸ್ ತಂಡ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು ಆರಿಸಿತ್ತು. ಎನ್‌ಬಿಎ ಡ್ರಾಫ್ಟಿನಲ್ಲಿ ಹೆಸರು ಬಂದ ಮೊದಲ ಭಾರತೀಯ ಅವರು.)

ಸೋಲಿಲ್ಲದೆ ಸಿಕ್ಕಿದ್ದು

ಈ ಕಾಲದ ಬಗ್ಗೆ ಮಾತಾಡುವವರು ಸೋಲನ್ನೇ ಹಿಡಿದು ಮಾತಾಡುತ್ತಾರೆ. ನನಗೆ ಅದಕ್ಕಿಂತ ಕುತೂಹಲದ್ದು ಸೋಲಿಗೂ ಲಾಟರಿಗೂ ಸಂಬಂಧವೇ ಇಲ್ಲದ ಗಳಿಕೆ.

2015ರ ಜುಲೈನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ತಂಡಕ್ಕೆ ದೊಡ್ಡ ಆಟಗಾರರನ್ನು ಸೆಳೆಯಲು ಸ್ಯಾಲರಿ ಕ್ಯಾಪಿನಡಿ (ತಂಡ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿ) ತುರ್ತಾಗಿ ಜಾಗ ಬೇಕಿತ್ತು. ಫಿಲಡೆಲ್ಫಿಯಾ ಹತ್ತಿರ ಜಾಗ ಖಾಲಿ ಬಿದ್ದಿತ್ತು. ಕಾರ್ಲ್ ಲ್ಯಾಂಡ್ರಿ, ಜೇಸನ್ ಥಾಂಪ್ಸನ್ ಇಬ್ಬರ ಸಂಬಳದ ಹೊರೆಯನ್ನು ಹಿಂಕಿ ಹೊತ್ತರು. ಹೊತ್ತ ಕೂಲಿಯಾಗಿ ಪಡೆದದ್ದು ಹಿಂದಿನ ವರ್ಷದ ಎಂಟನೇ ಪಿಕ್ ನಿಕ್ ಸ್ಟೌಸ್ಕಸ್, ಒಂದು ಮೊದಲ ಸುತ್ತಿನ ಪಿಕ್, ಜೊತೆಗೆ 2016 ಮತ್ತು 2017ರಲ್ಲಿ ಸರದಿ ಅದಲುಬದಲು ಮಾಡಿಕೊಳ್ಳುವ ಹಕ್ಕು. ಕೊಟ್ಟದ್ದು ಎನ್‌ಬಿಎ ಅಂಗಳವನ್ನೇ ಮೆಟ್ಟದ ಇಬ್ಬರು ಯುರೋಪಿಯನ್ನರ ಮೇಲಿನ ಹಕ್ಕು ಮಾತ್ರ. 2017ರ ಲಾಟರಿಯಲ್ಲಿ ಸ್ಯಾಕ್ರಮೆಂಟೊ ಮೂರಕ್ಕೆ ಜಿಗಿಯಿತು, ಫಿಲಡೆಲ್ಫಿಯಾ ಐದರಲ್ಲಿ ನಿಂತಿತು. ಹಕ್ಕು ಚಲಾಯಿಸಿ ಐದನ್ನು ಕೊಟ್ಟು ಮೂರನ್ನು ತೆಗೆದುಕೊಂಡರು. ಇದಕ್ಕಾಗಿ ಒಂದು ಪಂದ್ಯವನ್ನೂ ಸೋಲಬೇಕಾಗಿರಲಿಲ್ಲ; ಬೇಕಾದದ್ದು ಖಾಲಿ ಜಾಗ ಮತ್ತು ಎದುರಿನವರ ಅವಸರವನ್ನು ಗುರುತಿಸುವ ಕಣ್ಣು.

ಇನ್ನೊಂದು ಬಗೆಯ ಗಳಿಕೆ ರಾಬರ್ಟ್ ಕವಿಂಗ್ಟನ್ ಮತ್ತು ಟಿ.ಜೆ. ಮೆಕಾನಲ್. ಇಬ್ಬರನ್ನೂ ಡ್ರಾಫ್ಟಿನಲ್ಲಿ ಯಾರೂ ಆರಿಸಿರಲಿಲ್ಲ. ಸೋಲುವ ತಂಡದಲ್ಲಿ ಆಡುವ ಸಮಯ ಧಾರಾಳ. ಬಂದವರು ಬಂದರು, ಹೋದವರು ಹೋದರು, ಗಟ್ಟಿಯಿದ್ದವರು ಉಳಿದರು. ಕವಿಂಗ್ಟನ್ 2018ರಲ್ಲಿ ಲೀಗಿನ ಅತ್ಯುತ್ತಮ ರಕ್ಷಣಾ ಪಡೆಯ ಐವರಲ್ಲಿ ಒಬ್ಬರಾದರು.

ಇದೇ ಪದ್ಧತಿಯ ಕುಂದೂ ಇಲ್ಲೇ ಇತ್ತು. ಹತ್ತೊಂಬತ್ತು ಇಪ್ಪತ್ತರ ಹುಡುಗರಿಗೆ ವೃತ್ತಿಯ ಬದುಕು ಹೇಗಿರುತ್ತದೆಂದು ತೋರಿಸಿಕೊಡುವ ಹಿರಿಯರು ತಂಡದಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಆಟ ನಡೆಸಿ ಚೆಂಡು ಹಂಚುವ ನಂಬಿಕೆಯ ಪಾಯಿಂಟ್ ಗಾರ್ಡ್ ಇಲ್ಲದೆ ದೊಡ್ಡಾಳುಗಳಿಗೆ ಸರಿಯಾದ ಜಾಗದಲ್ಲಿ ಚೆಂಡು ಸಿಗುವುದಿಲ್ಲ, ಸಿಗದಿದ್ದರೆ ಅವರು ಕಲಿಯುವುದೂ ಇಲ್ಲ. 2015ರ ಕೊನೆಗೆ ಇಶ್ ಸ್ಮಿತ್ ಎಂಬ ಸಾಧಾರಣ ಗಾರ್ಡ್ ಒಬ್ಬರು ಮರಳಿ ಬಂದಮೇಲೆ ಆಟ ಒಂದಿಷ್ಟು ಆಟದಂತೆ ಕಾಣತೊಡಗಿದ್ದು ಸಾಕ್ಷಿ. ಅಂಥವರಿಗೆ ದೊಡ್ಡ ಖರ್ಚಿಲ್ಲ. ಮೊದಲ ವರ್ಷದಿಂದಲೇ ಇಬ್ಬರು ಮೂವರು ಇರಬೇಕಿತ್ತು. ಅವರಿಂದ ಹೆಚ್ಚು ಗೆಲುವು ಬರುತ್ತದೆಂಬ ಭಯ ಇಟ್ಟುಕೊಳ್ಳುವಂಥದ್ದೇನೂ ಆ ತಂಡದಲ್ಲಿರಲಿಲ್ಲ.

ತಾಳ್ಮೆ ಮೊದಲು ಕೆಟ್ಟದ್ದು ಅಂಗಳದಾಚೆ. ಹಿಂಕಿ ಪತ್ರಕರ್ತರೊಂದಿಗೆ ಮಾತಾಡುವುದು ಅಪರೂಪ, ಏಜೆಂಟರಿಗೆ ಅವರ ಮೇಲೆ ಸಿಟ್ಟು, ಲೀಗ್ ಕಚೇರಿಗೆ ಮುಜುಗರ. 2015ರ ಡಿಸೆಂಬರಿನಲ್ಲಿ ಮಾಲೀಕರು ಹಿರಿಯ ಆಡಳಿತಗಾರ ಜೆರ್ರಿ ಕೊಲಾಂಜೆಲೊ ಅವರನ್ನು ಹಿಂಕಿಯ ಮೇಲೆ ತಂದು ಕೂರಿಸಿದರು. 2016ರ ಏಪ್ರಿಲ್ 6ರಂದು ಹಿಂಕಿ 13 ಪುಟದ ರಾಜೀನಾಮೆ ಪತ್ರ ಬರೆದರು. ಅಬ್ರಹಾಂ ಲಿಂಕನ್, ವಾರೆನ್ ಬಫೆಟ್, ಅತುಲ್ ಗವಾಂಡೆಯಿಂದ ಹಿಡಿದು ನ್ಯೂಜಿಲೆಂಡಿನಲ್ಲಿ ಅಳಿದುಹೋದ ಮೋವಾ ಹಕ್ಕಿಯವರೆಗೆ ಎಲ್ಲರೂ ಅದರಲ್ಲಿ ಬಂದುಹೋಗುತ್ತಾರೆ. ಬ್ಯಾಸ್ಕೆಟ್‌ಬಾಲ್ ತಂಡದ ಮ್ಯಾನೇಜರ್ ಹೀಗೊಂದು ಪತ್ರ ಬರೆಯುವುದೇ ವಿಚಿತ್ರ. ಮಾಲೀಕರ ಬದಲು ಊರಿನ ಅಭಿಮಾನಿಗಳಿಗೆ ಮೂರು ವರ್ಷ ಮೊದಲೇ ಅದರ ಎರಡು ಪುಟ ಓದಿ ಹೇಳಿದ್ದರೆ ಕುರ್ಚಿ ಇನ್ನೊಂದು ವರ್ಷ ಉಳಿಯುತ್ತಿತ್ತೇನೋ. ಒಂದು ತಿಂಗಳ ಮೇಲಷ್ಟೇ ಲಾಟರಿಯ ಮೊದಲ ಪಿಕ್ ಬಂತು.

ಕೂಡಿಟ್ಟದ್ದು ಕರಗಿದ ಬಗೆ

ಹಿಂಕಿ ಹೋದಮೇಲೆ ಆ ಕುರ್ಚಿಯಲ್ಲಿ ಕೂತವರು: ಜೆರ್ರಿಯವರ ಮಗ ಬ್ರಯಾನ್ ಕೊಲಾಂಜೆಲೊ, ಅವರು ಹುಸಿ ಟ್ವಿಟರ್ ಖಾತೆಗಳ ಹಗರಣದಲ್ಲಿ 2018ರ ಜೂನಿನಲ್ಲಿ ಹೋದಾಗ ಕೆಲಕಾಲ ಕೋಚ್ ಬ್ರೌನ್, ಬಳಿಕ ಮಾಜಿ ಆಟಗಾರ ಎಲ್ಟನ್ ಬ್ರಾಂಡ್, 2020ರ ಕೊನೆಗೆ ಡ್ಯಾರಿಲ್ ಮೋರಿ. ಪ್ರತಿಯೊಬ್ಬರ ಕೈಗೂ ಮತ್ತೊಬ್ಬರು ಕೂಡಿಟ್ಟ ಗಂಟು ಬಂತು, ಬೇಗ ಫಲ ತೋರಿಸಬೇಕಾದ ಒತ್ತಡವೂ ಬಂತು.

2016ರ ಮೊದಲ ಪಿಕ್ ಆಸ್ಟ್ರೇಲಿಯಾದ ಬೆನ್ ಸಿಮನ್ಸ್. ಪಾದ ಮುರಿದುಕೊಂಡು ಅವರೂ ಒಂದು ವರ್ಷ ಕೂತರು. 2017-18ರಲ್ಲಿ ಎಂಬೀಡ್, ಸಿಮನ್ಸ್, ಕವಿಂಗ್ಟನ್, ಶಾರಿಚ್ ಒಟ್ಟಿಗೆ ಆಡಿದಾಗ ತಂಡ 52 ಪಂದ್ಯ ಗೆದ್ದಿತು, ಸೀಸನ್ನಿನ ಕೊನೆಯ 16ನ್ನು ಸತತವಾಗಿ. ಎರಡು ವರ್ಷದ ಹಿಂದೆ ಹತ್ತು ಗೆದ್ದ ತಂಡ ಇದು. ಲೆಕ್ಕ ಫಲ ಕೊಟ್ಟಿತ್ತು.

ಆದರೆ ಅಷ್ಟರೊಳಗೆ ಮೊದಲ ದೊಡ್ಡ ಸೋರಿಕೆ ಆಗಿತ್ತು. 2017ರ ಜೂನಿನಲ್ಲಿ, ಸ್ಯಾಕ್ರಮೆಂಟೊ ಕೃಪೆಯ ಆ ಮೂರನೇ ಪಿಕ್ಕಿನ ಜೊತೆ ಇನ್ನೊಂದು ಭಾವೀ ಪಿಕ್ ಸೇರಿಸಿ ಬೋಸ್ಟನ್‌ಗೆ ಕೊಟ್ಟು ಮೊದಲ ಪಿಕ್ ಕೊಂಡರು, ಮಾರ್ಕೆಲ್ ಫುಲ್ಟ್ಸ್ ಅವರನ್ನು ಆರಿಸಿದರು. ಬಂದ ಕೆಲವೇ ತಿಂಗಳಲ್ಲಿ ಫುಲ್ಟ್ಸ್‌ಗೆ ಚೆಂಡು ಎಸೆಯುವ ಶೈಲಿಯೇ ಮರೆತುಹೋದಂತಾಯಿತು. ಭುಜದ ಬಳಿಯ ನರಗಳನ್ನು ಒತ್ತುವ ತೊಂದರೆ ಅದೆಂದು ಗೊತ್ತಾಗಲು 2018ರ ಡಿಸೆಂಬರ್ ಬರಬೇಕಾಯಿತು. ಫಿಲಡೆಲ್ಫಿಯಾ ಪರ ಆಡಿದ್ದು ಒಟ್ಟು 33 ಪಂದ್ಯ. ಬೋಸ್ಟನ್ ಮೂರನೇ ಪಿಕ್ಕಿನಲ್ಲಿ ಜೇಸನ್ ಟೇಟಮ್ ಅವರನ್ನು ಪಡೆಯಿತು. ಆತ 2023ರ ಪ್ಲೇಆಫ್ ಸರಣಿಯ ನಿರ್ಣಾಯಕ ಏಳನೇ ಪಂದ್ಯದಲ್ಲಿ ಇದೇ ಫಿಲಡೆಲ್ಫಿಯಾ ಮೇಲೆ 51 ಅಂಕ ಹೊಡೆದು ಮನೆಗೆ ಕಳುಹಿಸಿದರು, ಮರುವರ್ಷ ಚಾಂಪಿಯನ್ ಆದರು. ಫುಲ್ಟ್ಸ್ ಕಾಯಿಲೆಯನ್ನು ಮೊದಲೇ ಕಾಣುವುದು ಯಾರಿಂದಲೂ ಆಗುತ್ತಿರಲಿಲ್ಲ, ನಿಜ. ಆದರೆ ಎರಡು ಅವಕಾಶ ಕೊಟ್ಟು ಒಂದು ಕೊಳ್ಳುವುದು ಹಿಂಕಿಯವರ ಮೂಲ ತರ್ಕವನ್ನೇ ತಲೆಕೆಳಗು ಮಾಡಿದಂತೆ. ಯಾರು ಗೆಲ್ಲುತ್ತಾನೆಂದು ತಮಗೆ ಗೊತ್ತು ಎಂದು ನಂಬಿದವರು ಮಾಡುವ ವ್ಯಾಪಾರ ಅದು.

ಎರಡನೆಯ ಸೋರಿಕೆಯ ಜಾಡು ಹಿಡಿದು ಹೋದರೆ ತಲೆ ತಿರುಗುತ್ತದೆ. 2013ರ ಹನ್ನೊಂದನೇ ಪಿಕ್ ಮೈಕೆಲ್ ಕಾರ್ಟರ್-ವಿಲಿಯಮ್ಸ್ ವರ್ಷದ ಅತ್ಯುತ್ತಮ ಹೊಸ ಆಟಗಾರ ಎನಿಸಿಕೊಂಡ ಮರುವರ್ಷವೇ ಹಿಂಕಿ ಅವರನ್ನು ಮಾರಿ, ಲೇಕರ್ಸ್ ತಂಡದ ಭಾವೀ ಪಿಕ್ ಪಡೆದಿದ್ದರು. ಬೆಲೆ ಶಿಖರದಲ್ಲಿದ್ದಾಗ ಮಾರಿದ ಚುರುಕು ನಡೆ. ಆ ಪಿಕ್ 2018ರಲ್ಲಿ ಹತ್ತನೆಯದಾಗಿ ಕೈಗೆ ಬಂತು. ಫಿಲಡೆಲ್ಫಿಯಾ ಪಕ್ಕದ ವಿಲನೋವಾ ವಿಶ್ವವಿದ್ಯಾಲಯದ ಮಿಕಾಲ್ ಬ್ರಿಡ್ಜಸ್ ಅವರನ್ನು ಆರಿಸಿದರು. ಅದೇ ರಾತ್ರಿ ಫೀನಿಕ್ಸ್‌ಗೆ ಸಾಗಹಾಕಿದರು. ಬದಲಿಗೆ ಬಂದ ಝೈರ್ ಸ್ಮಿತ್ ಕಾಲು ಮುರಿತ, ಆಹಾರದ ಅಲರ್ಜಿಗಳ ನಡುವೆ ತಂಡಕ್ಕೆ ಆಡಿದ್ದು 13 ಪಂದ್ಯ. ಬ್ರಿಡ್ಜಸ್ ಮಾತ್ರ ವರ್ಷಾನುವರ್ಷ ಒಂದು ಪಂದ್ಯವನ್ನೂ ತಪ್ಪಿಸದ ಆಟಗಾರನೆಂದು ಹೆಸರಾದರು. ಜೊತೆಗೆ ಬಂದಿದ್ದ ಮಯಾಮಿಯ 2021ರ ಪಿಕ್ ಟೋಬಿಯಾಸ್ ಹ್ಯಾರಿಸ್ ಎಂಬ ಆಟಗಾರನಿಗಾಗಿ ಕ್ಲಿಪ್ಪರ್ಸ್ ತಂಡಕ್ಕೆ ಹೋಯಿತು, ಅಲ್ಲಿಂದ ಓಕ್ಲಹೋಮ ಸಿಟಿಗೆ.

ಆ ಹ್ಯಾರಿಸ್ ಮತ್ತು ಜಿಮ್ಮಿ ಬಟ್ಲರ್ 2018-19ರ ನಡುವೆ ಬಂದವರು. ಬಟ್ಲರ್‌ಗಾಗಿ ಕವಿಂಗ್ಟನ್, ಶಾರಿಚ್ ಇಬ್ಬರನ್ನೂ ಕೊಟ್ಟಿದ್ದರು. 2019ರ ಮೇ 12ರಂದು ಟೊರಾಂಟೊದಲ್ಲಿ ಪ್ಲೇಆಫ್ ಸರಣಿಯ ಏಳನೇ ಪಂದ್ಯ 90-90ರಲ್ಲಿದ್ದಾಗ ಎದುರಾಳಿ ಕವಾಯ್ ಲೆನಾರ್ಡ್ ಎಸೆದ ಚೆಂಡು ಬಳೆಯ ಮೇಲೆ ನಾಲ್ಕು ಸಲ ಕುಪ್ಪಳಿಸಿ ಒಳಗೆ ಬಿತ್ತು. ಅದನ್ನು ದುರದೃಷ್ಟವೆಂದೇ ಬರೆದುಕೊಳ್ಳಬೇಕು. ಆದರೆ ಆ ಬೇಸಿಗೆಯಲ್ಲಿ ಬಟ್ಲರ್ ಅವರನ್ನು ಹೋಗಲು ಬಿಟ್ಟು, ಹ್ಯಾರಿಸ್‌ಗೆ ಐದು ವರ್ಷಕ್ಕೆ 18 ಕೋಟಿ ಡಾಲರ್ ಕೊಟ್ಟು, ಮೇಲೆ ಇನ್ನೊಬ್ಬ ಸೆಂಟರ್ ಅಲ್ ಹಾರ್ಫರ್ಡ್ ಅವರನ್ನು ತಂದದ್ದು ದುರದೃಷ್ಟವಲ್ಲ. ಬಟ್ಲರ್ ಮಯಾಮಿಯನ್ನು ಎರಡು ಬಾರಿ ಫೈನಲ್‌ಗೆ ಒಯ್ದರು. ಸಿಮನ್ಸ್ 2021ರಲ್ಲಿ ಅಟ್ಲಾಂಟಾ ವಿರುದ್ಧ ಫ್ರೀ ಥ್ರೋ (ಎದುರಾಳಿಯ ತಪ್ಪಿಗೆ ಸಿಗುವ ತಡೆಯಿಲ್ಲದ ಎಸೆತ) ಮೂರರಲ್ಲಿ ಒಂದನ್ನಷ್ಟೇ ಹಾಕುತ್ತ, ಏಳನೇ ಪಂದ್ಯದಲ್ಲಿ ಬುಟ್ಟಿಯಡಿ ನಿಂತೂ ಚೆಂಡು ಬೇರೆಯವರಿಗೆ ದಾಟಿಸಿದರು. ಆ ಬಳಿಕ ಫಿಲಡೆಲ್ಫಿಯಾ ಪರ ಮತ್ತೆ ಆಡಲಿಲ್ಲ. ಎಂಬೀಡ್ ಕಾಲದಲ್ಲಿ ತಂಡ ಪ್ಲೇಆಫ್‌ನ ಎರಡನೇ ಸುತ್ತು ದಾಟಿದ್ದೇ ಇಲ್ಲ.

ಓಕ್ಲಹೋಮದಲ್ಲಿ ನಡೆದದ್ದು

ಇದೇ ಕೆಲಸವನ್ನು ಓಕ್ಲಹೋಮ ಸಿಟಿ ಥಂಡರ್ ತಂಡದ ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ 2019ರಲ್ಲಿ ಶುರುಮಾಡಿದರು. ಪಾಲ್ ಜಾರ್ಜ್ ಅವರನ್ನು ಕ್ಲಿಪ್ಪರ್ಸ್‌ಗೆ ಕೊಟ್ಟು ಐದು ಮೊದಲ ಸುತ್ತಿನ ಪಿಕ್, ಎರಡು ಅದಲುಬದಲು ಹಕ್ಕು, ಜೊತೆಗೆ ಆಗ 20ರ ಹುಡುಗ ಶಾಯ್ ಗಿಲ್ಜಸ್-ಅಲೆಕ್ಸಾಂಡರ್ ಅವರನ್ನು ಪಡೆದರು. ಕೆಳಗೆ ಬಿದ್ದದ್ದು ಎರಡೇ ವರ್ಷ: 22 ಗೆಲುವು, 24 ಗೆಲುವು. ಬೀಳುವಾಗಲೂ ಗಿಲ್ಜಸ್-ಅಲೆಕ್ಸಾಂಡರ್ ಅವರನ್ನು ಮಾರಲಿಲ್ಲ. 2022ರಲ್ಲಿ ಎರಡನೇ ಪಿಕ್ ಚೆಟ್ ಹೋಮ್‌ಗ್ರೆನ್, ಕ್ಲಿಪ್ಪರ್ಸ್‌ನಿಂದ ಬಂದ ಹನ್ನೆರಡನೇ ಪಿಕ್ ಜೇಲೆನ್ ವಿಲಿಯಮ್ಸ್. ಹೋಮ್‌ಗ್ರೆನ್ ಕೂಡ ಪಾದದ ಗಾಯದಿಂದ ಮೊದಲ ವರ್ಷ ಪೂರ್ತಿ ಕೂತರು, ಅಂದರೆ ಗಾಯದ ಕಾಟ ಇವರಿಗೂ ತಪ್ಪಲಿಲ್ಲ. 2024-25ರಲ್ಲಿ 68 ಪಂದ್ಯ ಗೆದ್ದು, ಫೈನಲ್‌ನಲ್ಲಿ ಇಂಡಿಯಾನಾ ತಂಡವನ್ನು 4-3ರಿಂದ ಮಣಿಸಿ ಚಾಂಪಿಯನ್ ಆದರು. ಆ ಇಂಡಿಯಾನಾ ಬೆಂಚಿನಿಂದ ಬಂದು ಆಡಿದವರಲ್ಲಿ ನಮ್ಮ ಮೆಕಾನಲ್ ಇದ್ದರು.

ಪ್ರೆಸ್ಟಿ ಆ ಕುರ್ಚಿಯಲ್ಲಿರುವುದು 2007ರಿಂದ, ತಂಡ ಇನ್ನೂ ಸಿಯಾಟಲ್‌ನಲ್ಲಿದ್ದಾಗಿನಿಂದ. ಕೂಡಿಟ್ಟವರೂ ಅವರೇ, ಖರ್ಚು ಮಾಡಿದವರೂ ಅವರೇ. ಎರಡು ಪ್ರಕರಣಗಳ ನಡುವೆ ನಾನು ತೂಕ ಕೊಡುವ ವ್ಯತ್ಯಾಸ ಇದು. ಹಿಂಕಿ ಉಳಿದಿದ್ದರೆ ಫಿಲಡೆಲ್ಫಿಯಾ ಕಪ್ ಗೆಲ್ಲುತ್ತಿತ್ತೆಂದು ಅವರ ಭಕ್ತರು ಹೇಳುವುದನ್ನು ನಾನು ಒಪ್ಪಲಾರೆ. ಮೂವರು ಸೆಂಟರ್‌ಗಳನ್ನು ಗುಡ್ಡೆ ಹಾಕಿದವರೂ ಅವರೇ. ಆದರೆ ಎರಡು ಪಿಕ್ ಕೊಟ್ಟು ಒಂದನ್ನು ಕೊಳ್ಳುವ ಕೆಲಸವನ್ನು ಅವರು ಮಾಡುತ್ತಿರಲಿಲ್ಲ ಎನ್ನಲು ಹಿಂಜರಿಕೆಯಿಲ್ಲ.

ಲೀಗ್ ತನ್ನ ಮಟ್ಟಿಗೆ ನಿಯಮ ಬದಲಿಸಿತು. 2014ರಲ್ಲಿ ಬೇಕಾದಷ್ಟು ಮತ ಬೀಳದೆ ಬಿದ್ದುಹೋಗಿದ್ದ ಲಾಟರಿ ಸುಧಾರಣೆ 2017ರಲ್ಲಿ ಒಪ್ಪಿಗೆ ಪಡೆದು 2019ರಿಂದ ಜಾರಿಯಾಯಿತು. ಅದರಂತೆ ಕೊನೆಯ ಮೂರೂ ತಂಡಗಳಿಗೆ ತಲಾ ಶೇ. 14 ಸಾಧ್ಯತೆ, ಅತಿ ಕೆಟ್ಟ ತಂಡ ಐದನೇ ಪಿಕ್ಕಿಗೂ ಇಳಿಯಬಹುದು. ಸೋಲಿನ ಆಮಿಷ ಕಡಿಮೆಯಾಯಿತೇ ವಿನಾ ತೀರಲಿಲ್ಲ. 2020ರ ಕೊನೆಯಲ್ಲಿ ಹಾರ್ಫರ್ಡ್ ಸಂಬಳದ ಹೊರೆ ಇಳಿಸಿಕೊಳ್ಳಲು ಫಿಲಡೆಲ್ಫಿಯಾ ತನ್ನ 2025ರ ಪಿಕ್ಕನ್ನು ಇದೇ ಓಕ್ಲಹೋಮಕ್ಕೆ ಕೊಟ್ಟಿತ್ತು. ಮೊದಲ ಆರರೊಳಗೆ ಬಂದರೆ ಮಾತ್ರ ತನ್ನಲ್ಲೇ ಉಳಿಯಬೇಕೆಂಬುದು ಷರತ್ತು. 2024-25ರಲ್ಲಿ ಎಂಬೀಡ್ ಆಡಲು ಸಾಧ್ಯವಾದದ್ದು 19 ಪಂದ್ಯ. ತಂಡ 58 ಸೋತಿತು. ಲಾಟರಿಯಲ್ಲಿ ಮೂರನೇ ಸರದಿ ಬಂತು, ಪಿಕ್ ಉಳಿಯಿತು, ಬಹಾಮಾಸ್‌ನ ವಿ.ಜೆ. ಎಜ್‌ಕೂಂಬ್ ಎಂಬ ಗಾರ್ಡ್ ತಂಡಕ್ಕೆ ಸೇರಿದರು. ಅವರನ್ನು ಆರಿಸಿದ್ದು ಓಕ್ಲಹೋಮ ಕಪ್ ಎತ್ತಿದ ಮೂರನೇ ದಿನ.